ಮಕ್ಕಳ ಆರೋಗ್ಯ ಸಂಶೋಧನೆ ಮತ್ತು ನಮ್ಮ ಕರ್ತವ್ಯ

ಪರೀಕ್ಷೆಯಲ್ಲಿ ಗಾದೆಯನ್ನು ವಿಸ್ತರಿಸಿ ಬರೆಯಲು ಕೇಳಿದರೆ ನಮ್ಮ ವಿದ್ಯಾರ್ಥಿಗಳಿಗೆ ಬಲು ಸಂತೋಷ. ಅದರಲ್ಲೂ "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆ ಬಂದರಂತೂ ಹೇಳುವುದೇ ಬೇಡ. ಮಿತವಾಗಿ ಉಣ್ಣಬೇಕು, ಹಿತವಾಗಿ ಆಡಬೇಕು ಎಂದು ಪುಟ ತುಂಬಿಸಿ ಅಂಕ ಗಳಿಸಿಬಿಡುತ್ತಾರೆ. ನಾವೂ ಅನೇಕ ವರ್ಷಗಳಿಂದ ಹಾಗೆಯೇ ಪಾಠ ಹೇಳಿಕೊಂಡು ಬಂದವರು. ಆದರೆ ಈಚೆಗೆ ಈ ಗಾದೆಯ ಎರಡು ಭಾಗಗಳಿಗೆ ನಾವು ತಿಳಿದುದಕ್ಕಿಂತ ಹೆಚ್ಚಿನ ನಂಟು ಇದೆಯೆಂದು ತೋರುತ್ತಿದೆ. ಮಾತು ಬಲ್ಲವನು ಕೇಳಬಲ್ಲ. ಕೇಳಬಲ್ಲವನು ತನ್ನ ಮಕ್ಕಳ ರೋಗದ ಕಾರಣವನ್ನು ತಿಳಿಯಬಲ್ಲ. ಈ ಮಾತು ನಮಗೆ ಪುಸ್ತಕದಿಂದ ಹೊಳೆದುದಲ್ಲ, ಒಬ್ಬ ಅಜ್ಜಿಯಿಂದ ಹೊಳೆದುದು.

ಕೆಲವು ವರ್ಷಗಳ ಹಿಂದೆ ನಾವು ರಾಯದುರ್ಗದ ಕಡೆಯ ಬೇರೊಂದು ಶಾಲೆಯಲ್ಲಿದ್ದೆವು. ಮಕ್ಕಳ ರಕ್ತವನ್ನು ಪರೀಕ್ಷಿಸಿ ಅಧ್ಯಯನ ಮಾಡಲು ಒಂದು ತಂಡ ಬರುವುದೆಂದು ಸೂಚನೆ ಬಂದಿತು. ಒಪ್ಪಿಗೆ ಪತ್ರಗಳೂ ಬಂದವು. ಅವು ಇಂಗ್ಲಿಷಿನಲ್ಲಿಯೂ ತೆಲುಗಿನಲ್ಲಿಯೂ ಇದ್ದವು. ಮಕ್ಕಳ ಕೈಗೆ ಒಂದೊಂದು ಕೊಟ್ಟು, "ನಾಳೆ ಮನೆಯಲ್ಲಿ ಸಹಿ ಮಾಡಿಸಿಕೊಂಡು ಬನ್ನಿ" ಎಂದು ನಾವೇ ಹೇಳಿದೆವು. ಮರುದಿನ ಎಲ್ಲರ ಪತ್ರಗಳೂ ಬಂದವು, ಒಬ್ಬಳದು ಬರಲಿಲ್ಲ. ಅವಳ ಬದಲು ಅವಳ ಅಜ್ಜಿಯೇ ಪತ್ರವನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಶಾಲೆಯ ಬಾಗಿಲಿಗೆ ಬಂದರು.

"ಇದ್ರಾಗ ಏನ್ ಬರದೈತ್ರಿ ಮೇಷ್ಟ್ರೇ? ಕೂಸಿನ ರಕ್ತ ಎಷ್ಟು ತಗೀತಾರ? ತಗಂಡು ಏನ್ ಮಾಡ್ತಾರ?" ಎಂದು ಕೇಳಿದರು.

ಮೂರು ಪ್ರಶ್ನೆ. ಮೂರಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ. ನಾವು ಕನ್ನಡ, ತೆಲುಗು ಎರಡರಲ್ಲಿಯೂ ಓದಿದವರು. ಆ ಪತ್ರವನ್ನು ಓದಲು ಹತ್ತು ನಿಮಿಷ ಸಾಕಾಗಿತ್ತು. ಆದರೆ ಓದಿರಲಿಲ್ಲ. "ಎಲ್ಲಾ ಮಕ್ಕಳ ಒಳ್ಳೇದಕ್ಕೇ ಅಮ್ಮಾ, ಹೆಬ್ಬೆಟ್ಟು ಒತ್ತು" ಎಂದುಬಿಟ್ಟೆವು. ಮೇಷ್ಟ್ರು ಹೇಳಿದ ಮೇಲೆ ಇನ್ನೇನು? ಅಜ್ಜಿ ಒತ್ತಿದರು. ತಂಡ ಬಂತು, ರಕ್ತ ತೆಗೆದುಕೊಂಡಿತು, ಹೋಯಿತು. ಆರು ತಿಂಗಳಾದ ಮೇಲೆ ಸಂತೆಯಲ್ಲಿ ಅಜ್ಜಿ ಸಿಕ್ಕಿದರು. "ಏನಾತು ಮೇಷ್ಟ್ರೇ, ಕೂಸಿನ ರಕ್ತದಾಗ ಏನಿತ್ತಂತ?" ಎಂದರು. ಆಗಲೂ ನಮ್ಮಲ್ಲಿ ಉತ್ತರವಿರಲಿಲ್ಲ. ಫಲಿತಾಂಶ ಶಾಲೆಗೆ ಬಂದಿರಲಿಲ್ಲ. ಅದನ್ನು ಕೇಳಬೇಕೆಂದು ನಮಗೆ ತೋಚಿಯೂ ಇರಲಿಲ್ಲ.

ಇದನ್ನು ಓದಿ ಕೆಲವರು, "ಹಾಗಾದರೆ ಇಂಥ ಪರೀಕ್ಷೆಗಳಿಗೆ ಮಕ್ಕಳನ್ನು ಕಳಿಸುವುದೇ ಬೇಡ" ಎನ್ನಬಹುದು. ಇನ್ನು ಕೆಲವರು, "ಹಳ್ಳಿಯ ಜನಕ್ಕೆ ಇದೆಲ್ಲ ಹೇಳಿ ಏನು ಪ್ರಯೋಜನ? ತಿಳಿದವರು ಮಾಡಿಕೊಂಡು ಹೋಗಲಿ" ಎನ್ನಬಹುದು. ಎರಡೂ ತಪ್ಪೆಂಬುದು ನಮ್ಮ ಅಭಿಪ್ರಾಯ. ಮಕ್ಕಳ ರಕ್ತ, ಮೂಳೆ, ಯಕೃತ್ತುಗಳ ರೋಗಗಳ ಬಗೆಗೆ ಸಂಶೋಧನೆ ನಡೆಯಲೇಬೇಕು. ಅದು ಮಗುವಿನ ತಾಯಿಗೆ ತಿಳಿಯುವ ಮಾತಿನಲ್ಲಿಯೇ ನಡೆಯಬೇಕು. ನಡೆಯಬೇಕೇಕೆಂಬುದನ್ನು ಮೊದಲು ನೋಡೋಣ.

ಮೂಳೆಯ ವಿಷಯ ನಮ್ಮ ಭಾಗಕ್ಕೆ ತೀರ ಹತ್ತಿರದ್ದು. ಪ್ರತಿ ವರ್ಷ ಶಾಲೆಯಲ್ಲಿ ತರಗತಿಯ ಭಾವಚಿತ್ರ ತೆಗೆಸುತ್ತೇವೆ. ತೆಗೆಯುವವರು "ಸ್ವಲ್ಪ ನಗಿ" ಎಂದಾಗ ಕೆಲವು ಮಕ್ಕಳು ಮಾತ್ರ ತುಟಿಯನ್ನು ಬಿಗಿಹಿಡಿದು ನಿಲ್ಲುತ್ತಾರೆ. ಅವರಿಗೆ ನಗು ಬರುವುದಿಲ್ಲವೆಂದಲ್ಲ, ಹಲ್ಲಿನ ಮೇಲಿನ ಕಂದು ಪಟ್ಟೆಗಳು ಕಾಣುವುವೆಂಬ ನಾಚಿಕೆ. ಹಲ್ಲುಜ್ಜುವುದಿಲ್ಲವೆಂದು ಅವರನ್ನು ಗದರಿಸಿದ ಉಪಾಧ್ಯಾಯರೂ ಇದ್ದಾರೆ. ಆದರೆ ಆ ಕಲೆ ಉಜ್ಜಿದರೆ ಹೋಗುವಂಥದಲ್ಲ. ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಕುಡಿದ ನೀರಿನ ಫ್ಲೋರೈಡ್ ಮಾಡಿದ ಗುರುತು ಅದು.

ನಮ್ಮ ಸೀಮೆ ಗ್ರಾನೈಟ್ ಬಂಡೆಗಳ ಸೀಮೆ. ಆ ಬಂಡೆಗಳಲ್ಲಿ ಫ್ಲೋರೈಡ್ ಉಳ್ಳ ಖನಿಜಗಳುಂಟು. ಮಳೆ ಕಡಮೆಯಾದುದರಿಂದ ನೆಲದೊಳಗಿನ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಅದನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದು. ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು, ಆಮೇಲೆ ಮೂಳೆ ಕೆಡುತ್ತದೆ. ಬೆನ್ನು ಬಾಗುವುದಿಲ್ಲ, ಕುತ್ತಿಗೆ ತಿರುಗುವುದಿಲ್ಲ, ಮಕ್ಕಳ ಕಾಲುಗಳು ಸೊಟ್ಟಗಾಗುತ್ತವೆ.

ಇದು ನಮ್ಮ ಹಿರಿಯರಿಗೆ ತಿಳಿದಿರಲಿಲ್ಲ. ಶಾಪವೆಂದರು, ವಾಯುವೆಂದರು, ಹಣೆಬರಹವೆಂದರು. ಶಾರ್ಟ್ ಎಂಬ ವೈದ್ಯರೂ ಅವರ ಸಂಗಡಿಗರೂ ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಪರೀಕ್ಷಿಸಿ, ಬಾವಿಯ ನೀರನ್ನು ಪರೀಕ್ಷಿಸಿ, ಎರಡನ್ನೂ ಹೋಲಿಸಿ 1937ರಲ್ಲಿ ಪ್ರಕಟಿಸಿದ ಮೇಲೆಯೇ ಭಾರತದಲ್ಲಿ ಈ ರೋಗಕ್ಕೊಂದು ಹೆಸರೂ ಕಾರಣವೂ ದೊರೆತವು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಎಂಬ ವೈದ್ಯರು ನಲ್ಗೊಂಡ ಜಿಲ್ಲೆಯ ಹಳ್ಳಿಗಳಲ್ಲಿ ಹದಿಹರೆಯದವರ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವುದನ್ನು ಕಂಡು ವಿವರವಾಗಿ ಬರೆದರು. ಇಂಥ ಅಧ್ಯಯನಗಳು ಮುಂದುವರಿದಂತೆ, ಊಟದಲ್ಲಿ ಸುಣ್ಣದಂಶ ಕಡಮೆಯಿರುವ ಮಕ್ಕಳನ್ನು ಫ್ಲೋರೈಡ್ ಹೆಚ್ಚು ಬಾಧಿಸುವುದೆಂದು ತಿಳಿದುಬಂದಿತು. ಮಡಕಶಿರದ ಕಡೆ ಮನೆಮನೆಯಲ್ಲಿ ತಿರುವುವ ರಾಗಿಮುದ್ದೆಯ ಬೆಲೆ ಇಲ್ಲಿ ತಿಳಿಯುತ್ತದೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದರ ಸಣ್ಣದೊಂದು ಪಾಲೂ ಇಲ್ಲ. ಮುದ್ದೆಯನ್ನು ಬಡವರ ಊಟವೆಂದು ತಳ್ಳಿ ಅನ್ನವನ್ನೇ ದೊಡ್ಡದೆಂದು ತಿಳಿಯುವ ಮಕ್ಕಳು ಇದನ್ನು ಗಮನಿಸಬೇಕು.

ಇನ್ನೊಂದು ಮಾತು. ನೀರನ್ನು ಕಾಯಿಸಿದರೆ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಇದನ್ನರಿಯದೆ ಶ್ರದ್ಧೆಯಿಂದ ಕಾಯಿಸಿ ಕುಡಿಸುವ ತಾಯಂದಿರು ಎಷ್ಟು ಮಂದಿಯಿಲ್ಲ! ಕಾರಣ ತಿಳಿದ ಮೇಲೆ ಉಪಾಯಗಳೂ ಬಂದವು. 1970ರ ದಶಕದಲ್ಲಿ ನಾಗಪುರದ ವಿಜ್ಞಾನಿಗಳು ಪಟಿಕ ಮತ್ತು ಸುಣ್ಣ ಬಳಸಿ ಫ್ಲೋರೈಡನ್ನು ತೆಗೆಯುವ ವಿಧಾನವನ್ನು ರೂಪಿಸಿದರು. ಅದಕ್ಕೆ ನಲ್ಗೊಂಡ ವಿಧಾನವೆಂದೇ ಹೆಸರು. 1990ರ ದಶಕದ ಮಧ್ಯದಲ್ಲಿ ಸತ್ಯಸಾಯಿ ಟ್ರಸ್ಟಿನ ಯೋಜನೆಯಿಂದ ನಮ್ಮ ಅನಂತಪುರ ಜಿಲ್ಲೆಯ ನೂರಾರು ಹಳ್ಳಿಗಳಿಗೆ ಕೊಳವೆಗಳಲ್ಲಿ ಒಳ್ಳೆಯ ನೀರು ಬಂದಿತು. ಅಂದು ನೆಲ್ಲೂರಿನ ಹಳ್ಳಿಗರು ಪರೀಕ್ಷೆಗೆ ಒಪ್ಪದೆ ಬಾಗಿಲು ಹಾಕಿಕೊಂಡಿದ್ದರೆ ಇದಾವುದಕ್ಕೂ ದಾರಿ ತೆರೆಯುತ್ತಿರಲಿಲ್ಲ.

ಯಕೃತ್ತಿನ ಕಥೆ ಇದಕ್ಕಿಂತಲೂ ವಿಚಿತ್ರ. ನಮ್ಮ ಅಜ್ಜಿಯರ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಒಂದೆರಡು ವರ್ಷದ ಕೂಸಿನ ಹೊಟ್ಟೆ ಬಲಗಡೆ ಗಟ್ಟಿಯಾಗಿ ಊದಿಕೊಳ್ಳುತ್ತಿತ್ತು. ಕೂಸು ಕಿರಿಕಿರಿ ಮಾಡುತ್ತ, ಹಳದಿಯಾಗಿ, ಕೆಲವು ತಿಂಗಳಲ್ಲಿ ತೀರಿಕೊಳ್ಳುತ್ತಿತ್ತು. ಒಂದೇ ಮನೆಯಲ್ಲಿ ಒಂದಾದ ಮೇಲೊಂದು ಮಗು ಹೀಗೆ ಹೋದುದೂ ಉಂಟು. ಹರಕೆ ಹೊತ್ತರು, ಹೊಟ್ಟೆಗೆ ಬರೆ ಹಾಕಿಸಿದರು, ಪ್ರಯೋಜನವಾಗಲಿಲ್ಲ. ವೈದ್ಯರು ಇದಕ್ಕೆ 'ಭಾರತೀಯ ಬಾಲ್ಯ ಸಿರೋಸಿಸ್' ಎಂದು ಹೆಸರಿಟ್ಟಿದ್ದರು. ಮದ್ದು ಮಾತ್ರ ಗೊತ್ತಿರಲಿಲ್ಲ.

ಪುಣೆಯ ವೈದ್ಯರಾದ ಭಾವೆ ಮತ್ತು ಪಂಡಿತ್, ಇಂಗ್ಲೆಂಡಿನ ಟ್ಯಾನರ್ ಮತ್ತು ಅವರ ಸಂಗಡಿಗರು ಈ ಮಕ್ಕಳ ಯಕೃತ್ತಿನಲ್ಲಿ ತಾಮ್ರ ವಿಪರೀತವಾಗಿ ತುಂಬಿರುವುದರ ಮೂಲವನ್ನು ಹುಡುಕಿದರು. ಅವರು ತಾಯಂದಿರನ್ನು ಕೇಳಿದ ಪ್ರಶ್ನೆಗಳು ಬಹಳ ಸರಳ. ಮಗುವಿಗೆ ಹೊರಗಿನ ಹಾಲನ್ನು ಎಷ್ಟು ತಿಂಗಳಿಗೆ ಕೊಟ್ಟಿರಿ? ಹಾಲನ್ನು ಯಾವ ಪಾತ್ರೆಯಲ್ಲಿ ಕಾಯಿಸಿದಿರಿ, ಯಾವುದರಲ್ಲಿ ಇಟ್ಟಿರಿ? ರೋಗ ಬಂದ ಮಕ್ಕಳ ಮನೆಗಳಲ್ಲಿ ಹಸು ಎಮ್ಮೆಗಳ ಹಾಲನ್ನು ಬಹಳ ಬೇಗನೆ ಆರಂಭಿಸಿ, ಅದನ್ನು ಹಿತ್ತಾಳೆ ಅಥವಾ ತಾಮ್ರದ ಪಾತ್ರೆಯಲ್ಲಿ ಕಾಯಿಸಿ ಇಡುತ್ತಿದ್ದರು. ಕಲಾಯಿ ಇಲ್ಲದ ಅಂಥ ಪಾತ್ರೆಯಿಂದ ಹಾಲು ತಾಮ್ರವನ್ನು ಹೀರಿಕೊಳ್ಳುತ್ತದೆ. 1983ರಲ್ಲಿ ಅವರು ಇದನ್ನು ಪ್ರಕಟಿಸಿದರು. ಪ್ರೀತಿಯಿಂದ, ಮನೆಯಲ್ಲಿ ಅತ್ಯಂತ ಬೆಲೆಬಾಳುವ ಪಾತ್ರೆಯಲ್ಲಿ ಕಾಯಿಸಿ ಕುಡಿಸಿದ ಹಾಲೇ ಮಗುವಿಗೆ ಮುಳುವಾಗಿತ್ತು! ಮನೆತನದಿಂದ ಬರುವ ಗುಣವೂ ಇದರಲ್ಲಿ ಸೇರಿರಬಹುದೆಂದು ವೈದ್ಯರು ಹೇಳುತ್ತಾರೆ. ಆದರೆ ಸ್ಟೀಲಿನ ಪಾತ್ರೆಗಳು ಬಂದು, ತಾಯಿಯ ಹಾಲಿನ ಮಹತ್ವ ತಿಳಿದಂತೆ ಈ ರೋಗ ಬಹುಮಟ್ಟಿಗೆ ಮಾಯವಾಯಿತು. ಆಸ್ಟ್ರಿಯಾ ದೇಶದ ಟೈರೋಲ್ ಸೀಮೆಯಲ್ಲಿಯೂ ಇಂಥದೇ ರೋಗವಿತ್ತು. 1900ರಿಂದ 1974ರವರೆಗೆ ಅಲ್ಲಿ 138 ಶಿಶುಗಳು ಅದಕ್ಕೆ ಬಲಿಯಾದವೆಂದೂ, ಕಲಾಯಿಯಿಲ್ಲದ ತಾಮ್ರದ ಪಾತ್ರೆಗಳು ಅಡಿಗೆಮನೆಯಿಂದ ಹೋದ ಮೇಲೆ ರೋಗವೂ ಹೋಯಿತೆಂದೂ 1996ರಲ್ಲಿ ತಿಳಿದುಬಂದಿತು.

ಇಲ್ಲಿ ಒಂದು ಸಂಗತಿಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಆ ರೋಗದ ಬೀಗದ ಕೈ ಇದ್ದದ್ದು ತಾಯಿಯ ನೆನಪಿನಲ್ಲಿ. ಯಾವ ಪಾತ್ರೆ, ಎಷ್ಟು ತಿಂಗಳು ಎಂಬುದನ್ನು ಅವಳೇ ಹೇಳಬೇಕಾಗಿತ್ತು. ಕೇಳಿದವರು ಅವಳಿಗೆ ತಿಳಿಯದ ಭಾಷೆಯಲ್ಲಿ ಕೇಳಿದ್ದರೆ ಏನಾಗುತ್ತಿತ್ತು? ಚರಿಗೆಗೂ ಕೊಳಗಕ್ಕೂ, ಹಿತ್ತಾಳೆಗೂ ಕಂಚಿಗೂ ಇರುವ ವ್ಯತ್ಯಾಸ ಬರೆದುಕೊಳ್ಳುವವನಿಗೆ ತಿಳಿಯದೆ ಹೋಗಿದ್ದರೆ ಉತ್ತರವೆಲ್ಲ ತಪ್ಪಾಗುತ್ತಿತ್ತು. ಆದುದರಿಂದ ತಾಯ್ನುಡಿಯಲ್ಲಿ ಕೇಳುವುದೆಂದರೆ ಬಡವರಿಗೆ ಮಾಡುವ ಉಪಕಾರವಲ್ಲ. ಸಂಶೋಧನೆ ಸರಿಯಾಗಿ ನಡೆಯಲು ಬೇಕಾದ ಸಾಧನವೇ ಅದು.

ಇನ್ನು ರಕ್ತ. ಬೆಳಗಿನ ಪ್ರಾರ್ಥನೆಯಲ್ಲಿ ತಲೆಸುತ್ತಿ ಕುಳಿತುಬಿಡುವ ಹೆಣ್ಣುಮಕ್ಕಳನ್ನು ನಾವು ಪ್ರತಿ ವರ್ಷ ನೋಡುತ್ತೇವೆ. 2016-18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಹತ್ತರಿಂದ ಹತ್ತೊಂಬತ್ತು ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 40 ಮಂದಿಗೆ, ಗಂಡುಮಕ್ಕಳಲ್ಲಿ ನೂರಕ್ಕೆ 18 ಮಂದಿಗೆ ರಕ್ತಹೀನತೆ ಇತ್ತು. ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ನೂರಕ್ಕೆ 41. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಎಂದು ಬಂದಿತು. ಇಷ್ಟು ಅಂತರವೇಕೆ? ವಯಸ್ಸಿನಲ್ಲಿ ಸ್ವಲ್ಪ ವ್ಯತ್ಯಾಸವಿದೆ ನಿಜ. ಆದರೆ ಮುಖ್ಯ ಕಾರಣಗಳಲ್ಲೊಂದು ರಕ್ತ ತೆಗೆದ ರೀತಿ. ಮೊದಲನೆಯದರಲ್ಲಿ ತೋಳಿನ ರಕ್ತನಾಳದಿಂದ ತೆಗೆದರು. ಎರಡನೆಯದರಲ್ಲಿ ಬೆರಳನ್ನು ಚುಚ್ಚಿ ಹನಿ ತೆಗೆದರು. ಬೆರಳನ್ನು ಹಿಂಡಿದರೆ ರಕ್ತದೊಡನೆ ಮಾಂಸದೊಳಗಿನ ನೀರೂ ಬೆರೆತು ಲೆಕ್ಕ ತಪ್ಪುವುದುಂಟು.

ಅಜ್ಜಿಯ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ನಾಳದಿಂದ ತೆಗೆಯುವ ರಕ್ತ ಸಾಮಾನ್ಯವಾಗಿ ಒಂದೆರಡು ಚಹಾ ಚಮಚದಷ್ಟು. ಮಗು ಅದರಿಂದ ಬಡವಾಗುವುದಿಲ್ಲ. ಮೂರನೆಯ ಪ್ರಶ್ನೆಗೂ ಉತ್ತರವುಂಟು. ಆ ರಕ್ತದಲ್ಲಿ ಕಬ್ಬಿಣದ ಕೊರತೆಯೋ, ಫೋಲೇಟಿನದೋ, ಬಿ12 ಜೀವಸತ್ತ್ವದ್ದೋ, ಇಲ್ಲವೆ ಬೇರೆ ರೋಗವೋ ಎಂಬುದನ್ನು ನೋಡುತ್ತಾರೆ. ಪ್ರತಿ ವಾರ ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುವುದು ಇಂಥ ಅಧ್ಯಯನಗಳ ಫಲ. ಅದನ್ನು ಬಾಯಲ್ಲಿಟ್ಟುಕೊಂಡಂತೆ ಮಾಡಿ ಕಿಟಕಿಯಾಚೆ ಉಗುಳುವ ವಿದ್ಯಾರ್ಥಿಗಳು ಯಾರೆಂದು ನಮಗೆ ಗೊತ್ತಿಲ್ಲವೆಂದು ತಿಳಿಯಬೇಡಿ. ಈ ಎರಡು ಉತ್ತರಗಳನ್ನು ಅಂದು ಹೇಳಲು ನಮಗೆ ಐದು ನಿಮಿಷವೂ ಬೇಕಾಗುತ್ತಿರಲಿಲ್ಲ. ಹೇಳಿದ್ದರೆ ಅಜ್ಜಿ ಹೆಬ್ಬೆಟ್ಟನ್ನು ಒತ್ತುತ್ತಿದ್ದುದು ಮೇಷ್ಟ್ರ ಮುಖ ನೋಡಿ ಅಲ್ಲ, ತಿಳಿದು.

ಮೇಷ್ಟ್ರ ಮುಖ ನೋಡಿ ಒತ್ತುವುದರಿಂದ ಏನಾಗುವುದೆಂಬುದಕ್ಕೆ ನಮ್ಮ ರಾಜ್ಯದ ಚರಿತ್ರೆಯಲ್ಲಿಯೇ ಉದಾಹರಣೆಯಿದೆ. 2009ರಲ್ಲಿ, ಆಗಿನ್ನೂ ಆಂಧ್ರಪ್ರದೇಶದಲ್ಲಿದ್ದ ಖಮ್ಮಂ ಜಿಲ್ಲೆಯಲ್ಲಿ, ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಲಸಿಕೆಯನ್ನು ಸಾವಿರಾರು ಬಾಲಕಿಯರಿಗೆ ಹಾಕಿದ ಒಂದು ಅಧ್ಯಯನ ನಡೆಯಿತು. 2010ರ ಏಪ್ರಿಲಿನಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. 2013ರ ಸಂಸದೀಯ ಸಮಿತಿಯ ವರದಿಯ ಪ್ರಕಾರ, 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದವರು ತಂದೆತಾಯಿಗಳಲ್ಲ, ವಸತಿನಿಲಯಗಳ ವಾರ್ಡನರು. 1,948ರಲ್ಲಿ ಬರಿಯ ಹೆಬ್ಬೆಟ್ಟಿನ ಗುರುತು. ಲಸಿಕೆ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಅದು ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ಲಸಿಕೆ. ಆದರೆ ಒಳ್ಳೆಯ ಕೆಲಸವನ್ನೂ ಕೇಳದೆ ಮಾಡಿದರೆ ಜನ ಹೆದರುತ್ತಾರೆ. ಹೆದರಿದ ಜನ ಮುಂದೆ ಬರುವ ಒಳ್ಳೆಯದನ್ನೂ ದೂರವಿಡುತ್ತಾರೆ. ನಷ್ಟ ಮಕ್ಕಳಿಗೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಪ್ರತಿಯೊಬ್ಬ ಪೋಷಕರೂ ತಿಳಿದಿರಬೇಕು. ಸಂಶೋಧನೆಯ ವಿವರವನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿಯೇ ಕೊಡಬೇಕು. ಓದುಬಾರದವರಿಗೆ ಸಾಕ್ಷಿಯೊಬ್ಬರ ಎದುರಿನಲ್ಲಿ ಓದಿ ಹೇಳಬೇಕು. ಏಳರಿಂದ ಹನ್ನೆರಡು ವರ್ಷದ ಮಗುವಿನ ಸಮ್ಮತಿಯನ್ನು ಬಾಯಿಮಾತಿನಲ್ಲಿಯೂ, ಅದಕ್ಕಿಂತ ದೊಡ್ಡವರ ಸಮ್ಮತಿಯನ್ನು ಬರಹದಲ್ಲಿಯೂ ಪಡೆಯಬೇಕು. ಶಾಲೆಯ ಮುಖ್ಯಸ್ಥರ ಅನುಮತಿ ತಂದೆತಾಯಿಯ ಒಪ್ಪಿಗೆಗೆ ಬದಲಾಗದು. ಒಪ್ಪಿದ ಮೇಲೂ ನಡುವೆ ಬೇಡವೆನ್ನುವ ಹಕ್ಕಿದೆ; ಬೇಡವೆಂದರೆ ಮಗುವಿನ ಚಿಕಿತ್ಸೆಗೆ ಕುಂದು ಬರಕೂಡದು.

ಅರ್ಥವಾಗುವ ಭಾಷೆ ಎಂದರೆ ನಮ್ಮಲ್ಲಿ ಯಾವುದು? ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅಂದು ಗೆರೆ ಸರಿಯಿತು, ಮನೆಮಾತು ಸರಿಯಲಿಲ್ಲ. ಮಡಕಶಿರ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಆದರೂ ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರಗಳ ಎಷ್ಟೋ ಮನೆಗಳಲ್ಲಿ ಮಗುವಿಗೆ ಜ್ವರ ಬಂದರೆ ತಾಯಿ ಮರುಗುವುದು ಕನ್ನಡದಲ್ಲಿಯೇ. ತೆಲುಗು ನಮಗೆ ಬೇರೆಯಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ಅದೇ ನಮ್ಮ ಮಾತು, ಅದರ ಮೇಲೆ ನಮಗೆ ಗೌರವವಿದೆ. ಆದರೆ ವ್ಯಾಪಾರಕ್ಕೆ ಸಾಲುವ ತೆಲುಗು, ಮಗುವಿನ ಯಕೃತ್ತಿನಿಂದ ಚೂರು ತೆಗೆದು ಪರೀಕ್ಷಿಸುವ ಮಾತನ್ನು ತಿಳಿಯಲು ಎಲ್ಲ ತಾಯಂದಿರಿಗೂ ಸಾಲದು. ಆದುದರಿಂದ ಕನ್ನಡ ಮನೆಗಳ ಮಕ್ಕಳನ್ನು ಪರೀಕ್ಷಿಸಲು ಬರುವ ಯಾರೇ ಆಗಲಿ ಕನ್ನಡದಲ್ಲಿಯೂ ಒಪ್ಪಿಗೆ ಪತ್ರ ತರಬೇಕು, ಫಲಿತಾಂಶವನ್ನು ಕನ್ನಡದಲ್ಲಿಯೂ ತಿಳಿಸಬೇಕು ಎಂಬುದು ನಮ್ಮ ಬೇಡಿಕೆ. ಇದು ಭಾಷೆಯ ಜಗಳವಲ್ಲ, ಮಗುವಿನ ಕ್ಷೇಮದ ಮಾತು.

ಅಷ್ಟರವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಪ್ರಿಯ ವಿದ್ಯಾರ್ಥಿಗಳೇ, ನೀವು ಎರಡು ಭಾಷೆಗಳನ್ನು ಓದಬಲ್ಲಿರಿ. ಅದು ಅಂಕಪಟ್ಟಿಗಾಗಿ ಮಾತ್ರ ಇರುವ ವಿದ್ಯೆಯಲ್ಲ. ಮನೆಗೆ ಬಂದ ಆಸ್ಪತ್ರೆಯ ಚೀಟಿಯನ್ನು, ಒಪ್ಪಿಗೆ ಪತ್ರವನ್ನು ಅಮ್ಮನಿಗೆ, ಅಜ್ಜಿಗೆ ಓದಿ ಕನ್ನಡದಲ್ಲಿ ಹೇಳಿರಿ. ತಿಳಿಯದ ಪದವಿದ್ದರೆ ನಮ್ಮಲ್ಲಿಗೆ ತನ್ನಿರಿ, ಮರೆಮಾಚಬೇಡಿ. ಮಾನ್ಯ ಪೋಷಕರೇ, ಯಾರೇ ಸಹಿ ಕೇಳಿದರೂ ನಾಲ್ಕು ಪ್ರಶ್ನೆ ಕೇಳಿರಿ: ಇದು ಚಿಕಿತ್ಸೆಯೋ ಸಂಶೋಧನೆಯೋ? ಮಗುವಿಗೆ ಏನು ಮಾಡುತ್ತೀರಿ, ಅದರಿಂದ ನೋವೇನು, ಲಾಭವೇನು? ಬೇಡವೆಂದರೆ ಏನಾಗುವುದು? ಫಲಿತಾಂಶವನ್ನು ಯಾವಾಗ, ಯಾರು ಹೇಳುತ್ತಾರೆ? ಸರಿಯಾದ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಉತ್ತರ ಸಮಾಧಾನವಾದರೆ ಧೈರ್ಯವಾಗಿ ಒಪ್ಪಿರಿ. ಮನೆಯ ಪಾತ್ರೆ, ನೀರು, ಊಟ ಎಲ್ಲವನ್ನೂ ಇದ್ದದ್ದು ಇದ್ದಂತೆ ಹೇಳಿರಿ. ನಿಮ್ಮ ಒಂದು ನಿಜವಾದ ಉತ್ತರದಿಂದ ಇನ್ನೊಂದು ಊರಿನ ಕೂಸು ಬದುಕಬಹುದು.

ಉಪಾಧ್ಯಾಯರಾದ ನಮ್ಮ ಪಾಲಿನ ಕೆಲಸವೂ ಇದೆ. ಓದದೆ ಯಾವ ಪತ್ರವನ್ನೂ ಮಕ್ಕಳ ಕೈಗೆ ಕೊಡುವುದಿಲ್ಲವೆಂದು ನಾವು ನಿಶ್ಚಯಿಸಿದ್ದೇವೆ. ತಂಡ ಬಂದು ಹೋದ ಮೇಲೆ ಫಲಿತಾಂಶ ಕೇಳಿ ಕಾಗದ ಬರೆಯುವುದನ್ನೂ ಮರೆಯುವುದಿಲ್ಲ. ಮುಂದಿನ ವರ್ಷ ಪರೀಕ್ಷೆಯಲ್ಲಿ ಅದೇ ಗಾದೆ ಬಂದರೆ ವಿದ್ಯಾರ್ಥಿಗಳು ಮಿತಾಹಾರ, ಮಿತಭಾಷೆಗಳ ಜೊತೆಗೆ ಇದನ್ನೂ ನಾಲ್ಕು ಸಾಲು ಬರೆಯಲಿ. ಅಂಕ ಕೊಡುವ ಹೊಣೆ ನಮ್ಮದು. ಸೆರಗಿನ ತುದಿಯಲ್ಲಿ ಪತ್ರ ಕಟ್ಟಿಕೊಂಡು ಬಂದ ಆ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಅಂದು ಕೇಳಬೇಕಾದುದನ್ನು ಸರಿಯಾಗಿ ಕೇಳಿದವರು ಅವರೊಬ್ಬರೇ.